ಯಾರು ಎಲ್ಲಿ ನೆಲೆಸಿದರು, ಏಕೆ? ಅಮೆರಿಕದ ನಗರಗಳಲ್ಲಿ ವಲಸಿಗರ ನೆಲೆಗಳು

(ಸಾರ್ವಜನಿಕ ಉಪನ್ಯಾಸವೊಂದರ ಪರಿಷ್ಕೃತ ಬರಹ ರೂಪ)

ಮಾನ್ಯ ಸಭಿಕರೇ,

ಮಿಷಿಗನ್ ರಾಜ್ಯದ ಡಿಯರ್‌ಬಾರ್ನ್‌ನಲ್ಲಿ ಅರಬರು, ಮಿನಿಯಾಪೊಲಿಸ್‌ನಲ್ಲಿ ಸೊಮಾಲಿಗಳು, ಅದರ ಜೋಡಿ ನಗರವಾದ ಸೇಂಟ್ ಪಾಲ್‌ನಲ್ಲಿ ಲಾವೋಸ್ ಬೆಟ್ಟಗಾಡಿನ ಮೋಂಗ್ ಜನ, ಕ್ಯಾಲಿಫೋರ್ನಿಯಾದ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ವಿಯೆಟ್ನಾಮಿನವರು, ಗ್ಲೆಂಡೇಲ್‌ನಲ್ಲಿ ಆರ್ಮೇನಿಯನ್ನರು, ಮಯಾಮಿಯಲ್ಲಿ ಕ್ಯೂಬಾದವರು, ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಗುಜರಾತಿಗಳು. ಅಮೆರಿಕದ ಜನಗಣತಿಯ ನಕ್ಷೆಗೆ ಸಮುದಾಯಕ್ಕೊಂದು ಬಣ್ಣದಂತೆ ಹಚ್ಚಿದರೆ ಈ ಊರುಗಳಲ್ಲಿ ಒಂದೊಂದು ಬಣ್ಣ ಗಾಢವಾಗಿ ಎದ್ದು ಕಾಣುತ್ತದೆ. ಇದಕ್ಕೆ ಕಾರಣವೇನೆಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ, ಪರದೇಶಕ್ಕೆ ಹೋದವರಿಗೆ ತಮ್ಮವರ ನಡುವೆ ಇರಬೇಕೆಂಬ ಆಸೆ ಇರುತ್ತದೆ ಎಂಬುದು. ಆಸೆ ಇರುವುದು ನಿಜ. ಆದರೆ ಉಷ್ಣ ದೇಶದಲ್ಲಿ ಹುಟ್ಟಿದ ಸೊಮಾಲಿಗಳು ವರ್ಷದಲ್ಲಿ ನಾಲ್ಕೈದು ತಿಂಗಳು ಹಿಮ ಹೊದ್ದಿರುವ ಮಿನ್ನೆಸೋಟವನ್ನೇ ಏಕೆ ಸೇರಿದರು ಎಂಬುದನ್ನು ಆ ಆಸೆ ವಿವರಿಸುವುದಿಲ್ಲ. ನನ್ನ ವಾದ ಸರಳವಾದದ್ದು: ದೇಶದೊಳಕ್ಕೆ ಯಾರನ್ನು ಬಿಡಬೇಕೆಂದು ಕಾನೂನು ತೀರ್ಮಾನಿಸಿತು, ಒಳಗೆ ಬಂದವರಿಗೆ ಮೊದಲ ಕೂಲಿ ಕೊಟ್ಟವನು ಊರನ್ನು ತೀರ್ಮಾನಿಸಿದ, ಮನೆ ಕೊಟ್ಟವನು ಅಥವಾ ಕೊಡಲೊಲ್ಲದವನು ಬೀದಿಯನ್ನು ತೀರ್ಮಾನಿಸಿದ. ತಮ್ಮವರೆಂಬ ಒಲವು ಕೆಲಸ ಮಾಡುವುದು ಇಷ್ಟೆಲ್ಲ ಆದ ಮೇಲೆ.

ಈ ವಿಷಯದ ವ್ಯವಸ್ಥಿತ ಅಧ್ಯಯನ ಬೆಳೆದದ್ದು ಷಿಕಾಗೊ ವಿಶ್ವವಿದ್ಯಾಲಯದಲ್ಲಿ. ಅಲ್ಲಿನ ಸಮಾಜಶಾಸ್ತ್ರಜ್ಞ ಅರ್ನೆಸ್ಟ್ ಬರ್ಜೆಸ್ 1925ರಲ್ಲಿ ಪ್ರಕಟವಾದ ತಮ್ಮ ಪ್ರಬಂಧದಲ್ಲಿ ನಗರವನ್ನು ಒಂದರ ಹೊರಗೊಂದು ಇರುವ ವರ್ತುಲಗಳಾಗಿ ಚಿತ್ರಿಸಿದರು. ನಡುವೆ ವ್ಯಾಪಾರ ಕೇಂದ್ರ, ಅದರ ಸುತ್ತ ಕಾರ್ಖಾನೆಗಳೂ ಶಿಥಿಲವಾದ ಬಾಡಿಗೆ ಮನೆಗಳೂ ಇರುವ ವಲಯ, ಅದರಾಚೆ ಕಾರ್ಮಿಕರ ಸ್ವಂತ ಮನೆಗಳು, ಇನ್ನೂ ಆಚೆ ಮಧ್ಯಮ ವರ್ಗ. ಹೊಸದಾಗಿ ಬಂದವರು ಎರಡನೆಯ ವಲಯದಲ್ಲಿ ಇಳಿಯುತ್ತಾರೆ, ಅವರ ಮಕ್ಕಳು ಹೊರವರ್ತುಲಕ್ಕೆ ಸರಿಯುತ್ತಾರೆ, ತೆರವಾದ ಮನೆಗಳಿಗೆ ಮತ್ತೊಂದು ದೇಶದ ಹೊಸಬರು ಬರುತ್ತಾರೆ ಎಂಬುದು ಆ ಚಿತ್ರದ ತಾತ್ಪರ್ಯ.

ಷಿಕಾಗೊದ ಪಿಲ್ಸೆನ್ ಎಂಬ ಬಡಾವಣೆಗೆ ಈ ಚಿತ್ರ ಚೆನ್ನಾಗಿ ಹೊಂದುತ್ತದೆ. ಬೊಹೀಮಿಯಾದ ನಗರವೊಂದರ ಹೆಸರನ್ನು ಹೊತ್ತ ಈ ಬಡಾವಣೆಯನ್ನು 19ನೇ ಶತಮಾನದ ಉತ್ತರಾರ್ಧದಲ್ಲಿ ಕಟ್ಟಿದವರು ಜೆಕ್ ಜನ. ಹತ್ತಿರದ ಕಾರ್ಖಾನೆಗಳಲ್ಲಿ ದುಡಿಯುತ್ತ, ಸೇಂಟ್ ಪ್ರೊಕೋಪಿಯಸ್ ಎಂಬ ತಮ್ಮ ನಾಡಿನ ಸಂತನ ಹೆಸರಿನಲ್ಲಿ ಚರ್ಚು ಕಟ್ಟಿಕೊಂಡು, 1892ರಲ್ಲಿ 18ನೇ ಬೀದಿಯ ಮೇಲೆ ಥಾಲಿಯಾ ಹಾಲ್ ಎಂಬ ನಾಟಕಶಾಲೆಯನ್ನೂ ನಿಲ್ಲಿಸಿದರು. ಇಂದು ಅದೇ ಚರ್ಚಿನಲ್ಲಿ ಸ್ಪ್ಯಾನಿಷ್ ಭಾಷೆಯಲ್ಲಿ ಪೂಜೆ ನಡೆಯುತ್ತದೆ, ಸುತ್ತಲಿನ ಗೋಡೆಗಳ ಮೇಲೆ ಮೆಕ್ಸಿಕೋದ ಚಿತ್ರಕಲಾ ಪರಂಪರೆಯ ಭಿತ್ತಿಚಿತ್ರಗಳಿವೆ. ಬರ್ಜೆಸ್ ಅವರ ಪ್ರಕಾರ ಇದು ನೀರು ಹರಿದಷ್ಟು ಸಹಜವಾದ ಬದಲಾವಣೆ. ಆದರೆ ಮೆಕ್ಸಿಕನ್ನರು ದೊಡ್ಡ ಸಂಖ್ಯೆಯಲ್ಲಿ ಪಿಲ್ಸೆನ್‌ಗೆ ಬಂದದ್ದು 1960ರ ದಶಕದಲ್ಲಿ, ನಗರಾಡಳಿತವು ಇಲಿನಾಯ್ ವಿಶ್ವವಿದ್ಯಾಲಯದ ಹೊಸ ಆವರಣಕ್ಕಾಗಿ ಅವರ ಹಿಂದಿನ ಬಡಾವಣೆಯನ್ನು ಕೆಡವಿದಾಗ. ಆ ನೂಕುವಿಕೆಯನ್ನು ಸಹಜವೆಂದು ಕರೆಯುವುದು ನನಗೆ ಕಷ್ಟ. ಈಗ ಅದೇ ಬೀದಿಗಳಲ್ಲಿ ಬಾಡಿಗೆ ಏರಿ, ಮೆಕ್ಸಿಕನ್ ಕುಟುಂಬಗಳು ಒಂದೊಂದಾಗಿ ಮನೆ ಖಾಲಿ ಮಾಡುತ್ತಿವೆ.

ಬರ್ಜೆಸ್ ಅವರ ಚಿತ್ರ ಪೂರ್ತಿಯಾಗಿ ಸೋಲುವುದು ಕರಿಯರ ವಿಷಯದಲ್ಲಿ. 20ನೇ ಶತಮಾನದ ಎರಡನೆಯ ದಶಕದಿಂದ 1970ರವರೆಗೆ ಸುಮಾರು 60 ಲಕ್ಷ ಕರಿಯರು ದಕ್ಷಿಣದ ಹತ್ತಿ ಹೊಲಗಳನ್ನೂ ಅಲ್ಲಿನ ದೌರ್ಜನ್ಯವನ್ನೂ ಬಿಟ್ಟು ಉತ್ತರದ ಮತ್ತು ಪಶ್ಚಿಮದ ನಗರಗಳಿಗೆ ಬಂದರು. ಅವರು ಹಿಡಿದ ದಾರಿ ರೈಲು ಮಾರ್ಗದ ದಾರಿಯೇ ಆಗಿತ್ತು. ಮಿಸಿಸಿಪಿಯವರು ಇಲಿನಾಯ್ ಸೆಂಟ್ರಲ್ ರೈಲು ಹತ್ತಿ ಷಿಕಾಗೊದ ದಕ್ಷಿಣ ಭಾಗದಲ್ಲಿ ಇಳಿದರು. ಅಟ್ಲಾಂಟಿಕ್ ಕರಾವಳಿಯ ಕ್ಯಾರೊಲೈನಾಗಳವರು ವಾಷಿಂಗ್ಟನ್, ಫಿಲಡೆಲ್ಫಿಯಾ, ನ್ಯೂಯಾರ್ಕಿನ ಹಾರ್ಲೆಮ್ ಸೇರಿದರು. ಇಲ್ಲಿಯವರೆಗೆ ಅವರ ಕಥೆ ಉಳಿದ ವಲಸಿಗರದರಂತೆಯೇ ಇದೆ. ವ್ಯತ್ಯಾಸ ಮುಂದಿನ ತಲೆಮಾರಿನಲ್ಲಿ ಕಾಣುತ್ತದೆ. ಪೋಲಿಷ್ ಕಾರ್ಮಿಕನ ಮಗ ಹೊರವರ್ತುಲದಲ್ಲಿ ಮನೆ ಕೊಳ್ಳಬಹುದಿತ್ತು. ಕರಿಯ ಕಾರ್ಮಿಕನ ಮಗನಿಗೆ ಮಾರುವಂತಿಲ್ಲ ಎಂಬ ಷರತ್ತು ಮನೆಯ ಕ್ರಯಪತ್ರದಲ್ಲೇ ಇರುತ್ತಿತ್ತು. ಅಂಥ ಷರತ್ತನ್ನು ನ್ಯಾಯಾಲಯಗಳು ಜಾರಿಗೊಳಿಸಬಾರದೆಂದು ಸುಪ್ರೀಂ ಕೋರ್ಟ್ ಹೇಳಿದ್ದು 1948ರಲ್ಲಿ. ಮನೆ ಮಾರಾಟ ಮತ್ತು ಬಾಡಿಗೆಯಲ್ಲಿ ಜನಾಂಗ ಭೇದವನ್ನು ಕೇಂದ್ರ ಕಾನೂನು ನಿಷೇಧಿಸಿದ್ದು 1968ರಲ್ಲಿ. ಇದಕ್ಕೂ ಮೊದಲೇ, 1930ರ ದಶಕದಲ್ಲಿ, ಸರಕಾರಿ ಸಂಸ್ಥೆಯೊಂದು ನಗರಗಳ ಬಡಾವಣೆಗಳನ್ನು ಹಸಿರು, ನೀಲಿ, ಹಳದಿ, ಕೆಂಪು ಎಂದು ನಾಲ್ಕು ಬಣ್ಣಗಳಲ್ಲಿ ಗುರುತಿಸಿ, ಕರಿಯರಿದ್ದ ಬಡಾವಣೆಗಳಿಗೆ ಬಹುಮಟ್ಟಿಗೆ ಕೆಂಪನ್ನೇ ಹಚ್ಚಿತು. ಕೆಂಪು ಬಡಾವಣೆಯ ಮನೆ ಸಾಲಕ್ಕೆ ಯೋಗ್ಯವಲ್ಲ ಎಂದು ಅದರ ಅರ್ಥ. ಡೆಟ್ರಾಯಿಟ್‌ನಲ್ಲಿ 1941ರಲ್ಲಿ ಗುತ್ತಿಗೆದಾರನೊಬ್ಬ ಬಿಳಿಯರಿಗಾಗಿ ಮನೆಗಳನ್ನು ಕಟ್ಟಲು ಹೊರಟಾಗ, ಪಕ್ಕದಲ್ಲೇ ಕರಿಯರ ಬಡಾವಣೆ ಇದ್ದುದರಿಂದ ಸರಕಾರದ ಸಾಲಖಾತರಿ ಸಿಗಲಿಲ್ಲ. ಆತ ಎರಡರ ನಡುವೆ ಆರಡಿ ಎತ್ತರದ, ಅರ್ಧ ಮೈಲಿ ಉದ್ದದ ಕಾಂಕ್ರೀಟು ಗೋಡೆ ಎಬ್ಬಿಸಿದ ಮೇಲೆ ಖಾತರಿ ಸಿಕ್ಕಿತು. ಆ ಗೋಡೆ ಈಗಲೂ ನಿಂತಿದೆ.

ಡೆಟ್ರಾಯಿಟ್‌ಗೆ ಅಂಟಿಕೊಂಡಿರುವ ಡಿಯರ್‌ಬಾರ್ನ್ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ಏಕೆಂದರೆ ನನ್ನ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ನನಗೆ ಬೇರೆಲ್ಲೂ ಕಂಡಿಲ್ಲ. ಹೆನ್ರಿ ಫೋರ್ಡ್ 1914ರ ಜನವರಿಯಲ್ಲಿ ದಿನಕ್ಕೆ ಐದು ಡಾಲರ್ ಕೂಲಿ ಘೋಷಿಸಿದಾಗ ಅವರ ಕಾರ್ಖಾನೆ ಇದ್ದದ್ದು ಹೈಲ್ಯಾಂಡ್ ಪಾರ್ಕ್ ಎಂಬಲ್ಲಿ. ಆಗಿನ ಸಿರಿಯಾದಿಂದ, ಅಂದರೆ ಇಂದಿನ ಲೆಬನಾನ್ ಸೇರಿದ ಪ್ರದೇಶದಿಂದ ಬಂದ ಮುಸ್ಲಿಂ ಕಾರ್ಮಿಕರು ಆ ಕಾರ್ಖಾನೆಯ ಸುತ್ತ ನೆಲೆಸಿ 1921ರಲ್ಲಿ ಅಲ್ಲೊಂದು ಮಸೀದಿಯನ್ನೂ ಕಟ್ಟಿದರು. 1920ರ ದಶಕದ ಕೊನೆಗೆ ಫೋರ್ಡ್ ತಯಾರಿಕೆಯನ್ನು ಡಿಯರ್‌ಬಾರ್ನ್‌ನ ರೂಜ್ ನದಿಯ ದಂಡೆಗೆ ಒಯ್ದರು. ಒಂದು ಕಡೆಯಿಂದ ಅದಿರು, ಕಲ್ಲಿದ್ದಲು ಒಳಗೆ ಬಂದು ಇನ್ನೊಂದು ಕಡೆಯಿಂದ ಸಿದ್ಧವಾದ ಕಾರು ಹೊರಗೆ ಹೋಗುವಂಥ ಆ ಮಹಾ ಕಾರ್ಖಾನೆಯಲ್ಲಿ ಉಚ್ಛ್ರಾಯ ಕಾಲದಲ್ಲಿ ಲಕ್ಷದಷ್ಟು ಜನ ದುಡಿಯುತ್ತಿದ್ದರು. ಅರಬರೂ ಕಾರ್ಖಾನೆಯ ಹಿಂದೆಯೇ ಹೋದರು. ಚಿಮಣಿಗಳ ನೆರಳಲ್ಲಿದ್ದ, ಸೌತ್‌ಎಂಡ್ ಎಂದು ಕರೆಯುವ ಬೀದಿಗಳಲ್ಲಿ ಲೆಬನಾನಿನವರೂ ಅನಂತರ ಯೆಮನ್‌ನವರೂ ಮನೆ ಮಾಡಿದರು. ಡಿಕ್ಸ್ ರಸ್ತೆಯ ಮಸೀದಿ ಆ ಕಾಲದ್ದು.

ಅದೇ ಕಾರ್ಖಾನೆಯಲ್ಲಿ ಸಾವಿರಾರು ಕರಿಯರೂ ದುಡಿಯುತ್ತಿದ್ದರು. ಆ ಕಾಲದ ಕಾರು ಕಂಪನಿಗಳಲ್ಲಿ ಕರಿಯರಿಗೆ ಇಷ್ಟು ದೊಡ್ಡ ಸಂಖ್ಯೆಯಲ್ಲಿ ಕೆಲಸ ಕೊಟ್ಟದ್ದು ಫೋರ್ಡ್ ಒಂದೇ. ಹಾಗಿದ್ದೂ ಅವರಲ್ಲಿ ಯಾರೂ ಡಿಯರ್‌ಬಾರ್ನ್‌ನಲ್ಲಿ ಮನೆ ಮಾಡುವಂತಿರಲಿಲ್ಲ. ಅವರು ಡೆಟ್ರಾಯಿಟ್‌ನಿಂದಲೋ ಇಂಕ್‌ಸ್ಟರ್ ಎಂಬ ಪಕ್ಕದ ಊರಿನಿಂದಲೋ ಬಂದು ಪಾಳಿ ಮುಗಿಸಿ ವಾಪಸು ಹೋಗಬೇಕಿತ್ತು. 1942ರಿಂದ 1978ರವರೆಗೆ ಮೂವತ್ತಾರು ವರ್ಷ ಮೇಯರ್ ಆಗಿದ್ದ ಆರ್ವಿಲ್ ಹಬ್ಬರ್ಡ್, ತಮ್ಮ ಊರಿಗೆ ಕರಿಯರನ್ನು ಸೇರಿಸುವುದಿಲ್ಲ ಎಂಬುದನ್ನೇ ಚುನಾವಣಾ ಬಲವಾಗಿ ಮಾಡಿಕೊಂಡಿದ್ದರು. ಒಂದೇ ಕಾರ್ಖಾನೆ, ಒಂದೇ ಪಾಳಿ, ಆದರೆ ಸಂಜೆ ಮನೆಗೆ ಹೋಗುವ ದಾರಿ ಬೇರೆ. ಅರಬರಿಗೆ ಬಾಗಿಲು ತೆರೆದದ್ದರ ಹಿಂದೆ ಒಂದು ಕೋರ್ಟ್ ತೀರ್ಪೂ ಇದೆ. ಹೊರಗಿನಿಂದ ಬಂದವರಲ್ಲಿ ಅಮೆರಿಕದ ಪೌರತ್ವ ಆಗ ಬಿಳಿಯರಿಗೆ ಮತ್ತು ಆಫ್ರಿಕ ಮೂಲದವರಿಗೆ ಮಾತ್ರ ಮೀಸಲಾಗಿತ್ತು. ಸಿರಿಯಾದವರು ಬಿಳಿಯರ ಲೆಕ್ಕಕ್ಕೆ ಬರುತ್ತಾರೆ ಎಂದು 1915ರಲ್ಲಿ ಜಾರ್ಜ್ ಡೌ ಎಂಬಾತನ ಮೊಕದ್ದಮೆಯಲ್ಲಿ ಕೇಂದ್ರ ಮೇಲ್ಮನವಿ ನ್ಯಾಯಾಲಯ ಒಪ್ಪಿತು. ಹೀಗೆ ಕಾಗದದ ಮೇಲೆ ಬಿಳಿಯರಾದ ಅರಬರನ್ನೂ ಹಬ್ಬರ್ಡ್ ಅವರ ಆಡಳಿತವೇನೂ ಅಕ್ಕರೆಯಿಂದ ನೋಡಿಕೊಳ್ಳಲಿಲ್ಲ. ಸೌತ್‌ಎಂಡ್‌ನ ಮನೆಗಳನ್ನು ಕೊಂಡು, ಕೆಡವಿ, ಅಲ್ಲಿ ಕೈಗಾರಿಕಾ ಪ್ರದೇಶ ಮಾಡುವ ಯೋಜನೆಯನ್ನು 1970ರ ದಶಕದಲ್ಲಿ ನಿವಾಸಿಗಳು ಕೋರ್ಟಿಗೆ ಹೋಗಿ ತಡೆಯಬೇಕಾಯಿತು. ಅಷ್ಟು ಹೊತ್ತಿಗೆ ಲೆಬನಾನಿನಲ್ಲಿ ಅಂತರ್ಯುದ್ಧ ಶುರುವಾಗಿತ್ತು. 1982ರಲ್ಲಿ ಇಸ್ರೇಲ್ ದಕ್ಷಿಣ ಲೆಬನಾನಿನ ಮೇಲೆ ಸೈನ್ಯ ನುಗ್ಗಿಸಿದ ಮೇಲೆ ಬಿಂತ್ ಜ್ಬೈಲ್‌ನಂಥ ಊರುಗಳಿಂದ ಕುಟುಂಬಗಳೇ ಎದ್ದು ಬಂದವು. ಅಣ್ಣನೋ ಸೋದರಮಾವನೋ ಮೊದಲೇ ಡಿಯರ್‌ಬಾರ್ನ್‌ನಲ್ಲಿದ್ದುದರಿಂದ ಅವರು ಬೇರೆ ಊರನ್ನು ಯೋಚಿಸಲೇ ಇಲ್ಲ. ತಮ್ಮವರೆಂಬ ಒಲವು ಕಥೆಯೊಳಗೆ ಬರುವುದು ಈ ಹಂತದಲ್ಲಿ, ಫೋರ್ಡ್ ಕೂಲಿ ಘೋಷಿಸಿ ಏಳು ದಶಕ ಕಳೆದ ಮೇಲೆ. ಇಂದು ಸುಮಾರು 1.1 ಲಕ್ಷ ಜನರ ಆ ಊರಿನಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಪಶ್ಚಿಮ ಏಷ್ಯಾ ಮತ್ತು ಉತ್ತರ ಆಫ್ರಿಕ ಮೂಲದವರೆಂದು 2020ರ ಜನಗಣತಿಯಲ್ಲಿ ಬರೆಸಿದ್ದಾರೆ. 2021ರಲ್ಲಿ ಲೆಬನಾನಿ ಮೂಲದ ಅಬ್ದುಲ್ಲಾ ಹಮ್ಮೂದ್ ಮೇಯರ್ ಆಗಿ ಆರಿಸಿ ಬಂದರು. ಹಬ್ಬರ್ಡ್ ಅವರ ಪ್ರತಿಮೆಯನ್ನು ಪುರಭವನದ ಮುಂದಿನಿಂದ 2015ರಲ್ಲೇ ತೆಗೆದಿದ್ದರು.

ಕಾನೂನು ಒತ್ತಿ ಕೂಡಿಸಿದ ನೆಲೆಗೆ ಹಳೆಯ ಉದಾಹರಣೆ ಸ್ಯಾನ್ ಫ್ರಾನ್ಸಿಸ್ಕೋದ ಚೈನಾಟೌನ್. ಚಿನ್ನದ ಗಣಿಗೂ ಖಂಡದ ಉದ್ದಕ್ಕೂ ಹಾಕಿದ ರೈಲುಮಾರ್ಗಕ್ಕೂ ಬಂದ ಚೀನೀ ಕಾರ್ಮಿಕರನ್ನು ಕೆಲಸ ಮುಗಿದ ಮೇಲೆ ಪಶ್ಚಿಮದ ಊರೂರುಗಳಿಂದ ಹೊಡೆದಟ್ಟಲಾಯಿತು. 1882ರ ಕಾನೂನು ಚೀನೀ ಕೂಲಿಗಳ ಪ್ರವೇಶವನ್ನೇ ನಿಲ್ಲಿಸಿತು. ಊರ ನಡುವಿನ ಹತ್ತಾರು ಬೀದಿಗಳಲ್ಲಿ ಅವರು ಒಟ್ಟಿಗಿದ್ದದ್ದು, ಬೇರೆಡೆ ಬಾಡಿಗೆ ಸಿಗದಿದ್ದುದರಿಂದ ಮತ್ತು ಒಟ್ಟಿಗಿದ್ದರೆ ಹೊಡೆತ ಕಡಿಮೆ ಎಂಬ ಅನುಭವದಿಂದ. 1906ರ ಭೂಕಂಪ ಮತ್ತು ಬೆಂಕಿಯಲ್ಲಿ ಚೈನಾಟೌನ್ ಪೂರ್ತಿ ಸುಟ್ಟುಹೋದಾಗ, ಬೆಲೆಬಾಳುವ ಆ ಜಾಗವನ್ನು ವಶಪಡಿಸಿಕೊಂಡು ಚೀನೀಯರನ್ನು ಊರಾಚೆಯ ಹಂಟರ್ಸ್ ಪಾಯಿಂಟ್‌ಗೆ ಸಾಗಿಸಲು ನಗರದ ಮುಖಂಡರು ಯೋಚಿಸಿದರು. ಚೀನೀ ವರ್ತಕರು ಜಾಣತನದ ಉತ್ತರ ಕೊಟ್ಟರು. ಬಿಳಿಯ ವಾಸ್ತುಶಿಲ್ಪಿಗಳನ್ನು ಕರೆಸಿ, ಮಾಮೂಲಿ ಇಟ್ಟಿಗೆ ಕಟ್ಟಡಗಳ ನೆತ್ತಿಗೆ ಪಗೋಡದಂಥ ಮಾಡು ಕೂರಿಸಿ, ಪ್ರವಾಸಿಗಳು ಮುಗಿಬೀಳುವಂಥ ಬೀದಿಯನ್ನು ಕಟ್ಟಿಸಿದರು. ಇಂದು ಪ್ರಾಚೀನ ಚೀನವೆಂದು ಪ್ರವಾಸಿಗಳು ಫೋಟೊ ತೆಗೆದುಕೊಳ್ಳುವ ಆ ಮಾಡುಗಳು ಹೊರದಬ್ಬಿಸಿಕೊಳ್ಳದೆ ಉಳಿಯಲು ಹೂಡಿದ ಉಪಾಯ. ಅದೇ ಬೆಂಕಿಯಲ್ಲಿ ನಗರದ ಜನನ ದಾಖಲೆಗಳೂ ಸುಟ್ಟದ್ದರಿಂದ ಅನೇಕರು ತಾವು ಇಲ್ಲೇ ಹುಟ್ಟಿದವರೆಂದು ಹೇಳಿಕೊಂಡು ಪೌರತ್ವ ಪಡೆದರು, ಕಾಗದದ ಮೇಲೆ ಮಾತ್ರ ಮಕ್ಕಳಾದವರನ್ನು ಚೀನದಿಂದ ಕರೆಸಿಕೊಂಡರು. 1882ರ ನಿಷೇಧ ತೆರವಾದದ್ದು 1943ರಲ್ಲಿ, ಅದೂ ವರ್ಷಕ್ಕೆ 105 ಜನರ ಮಿತಿಯೊಂದಿಗೆ.

ನಿರಾಶ್ರಿತರ ವಿಷಯದಲ್ಲಿ ಸರಕಾರ ಇದಕ್ಕೆ ತದ್ವಿರುದ್ಧವಾದ ನೀತಿಯನ್ನು ಅನುಸರಿಸಿತು, ಫಲ ಮಾತ್ರ ಬೇರೆಯಾಗಲಿಲ್ಲ. 1975ರಲ್ಲಿ ದಕ್ಷಿಣ ವಿಯೆಟ್ನಾಮಿನ ರಾಜಧಾನಿ ಸೈಗಾನ್ ಪತನವಾದಾಗ ಬಂದ ಸುಮಾರು 1.3 ಲಕ್ಷ ಜನರನ್ನು ನಾಲ್ಕು ಸೇನಾ ಶಿಬಿರಗಳಲ್ಲಿ ಇಳಿಸಿ, ಒಂದೇ ಊರಿನ ಮೇಲೆ ಹೊರೆ ಬೀಳದಿರಲೆಂದು ಬೇಕೆಂದೇ ದೇಶದಾದ್ಯಂತ ಚದುರಿಸಿದರು. ಚರ್ಚೊಂದು ಅಥವಾ ಕುಟುಂಬವೊಂದು ಹೊಣೆ ಹೊತ್ತರೆ ಶಿಬಿರದಿಂದ ಬಿಡುಗಡೆ. ಹೀಗೆ ಅಯೋವಾ, ಅರ್ಕನ್ಸಾಗಳ ಪುಟ್ಟ ಊರುಗಳನ್ನು ಸೇರಿದವರು ಒಂದೆರಡು ಚಳಿಗಾಲ ಕಳೆದ ಮೇಲೆ ಬಸ್ಸು ಹತ್ತಿ ಕ್ಯಾಲಿಫೋರ್ನಿಯಾಕ್ಕೆ ಬರತೊಡಗಿದರು. ನಾಲ್ಕು ಶಿಬಿರಗಳಲ್ಲೊಂದಾದ ಕ್ಯಾಂಪ್ ಪೆಂಡಲ್‌ಟನ್ ಆರೆಂಜ್ ಕೌಂಟಿಯ ಪಕ್ಕದಲ್ಲೇ ಇತ್ತು. ಆ ಕೌಂಟಿಯ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಬೋಲ್ಸಾ ರಸ್ತೆಯ ಅಂಗಡಿಗಳ ಬಾಡಿಗೆ ಅಗ್ಗವಾಗಿತ್ತು. ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳಲ್ಲಿ ಇಂಗ್ಲಿಷ್ ಬಾರದವರಿಗೂ ಜೋಡಣೆಯ ಕೆಲಸವಿತ್ತು. 1988ರಲ್ಲಿ ರಾಜ್ಯಪಾಲರು ಲಿಟಲ್ ಸೈಗಾನ್ ಎಂಬ ಹೆಸರಿಗೆ ಮಾನ್ಯತೆ ಕೊಟ್ಟರು, ಹೆದ್ದಾರಿಯಲ್ಲಿ ಆ ಹೆಸರಿನ ಫಲಕಗಳು ಎದ್ದವು. ಸರಕಾರ ಚದುರಿಸಿದ್ದನ್ನು ಜನರೇ ಒಟ್ಟುಮಾಡಿಕೊಂಡ ಇದನ್ನು ಎರಡನೆಯ ವಲಸೆ ಎಂದು ವಿದ್ವಾಂಸರು ಕರೆಯುತ್ತಾರೆ. ನನ್ನ ವಾದಕ್ಕೆ ಇದು ಸ್ವಲ್ಪ ಎದುರಾಗಿದೆ ಎಂದು ನೀವು ಹೇಳಬಹುದು. ಒಲವಿನ ಪಾತ್ರ ಇಲ್ಲಿ ದೊಡ್ಡದು, ಒಪ್ಪುತ್ತೇನೆ. ಆದರೆ ಆ ಒಲವೂ ಬಾಡಿಗೆ ಮತ್ತು ಕೂಲಿ ಎರಡೂ ಹೊಂದಿದ ಬೀದಿಯನ್ನೇ ಹುಡುಕಿಕೊಂಡಿತು.

ಮಿನ್ನೆಸೋಟದ ಒಗಟಿಗೂ ಉತ್ತರ ಇಲ್ಲೇ ಇದೆ. ಆ ರಾಜ್ಯಕ್ಕೆ ಹಿಂದೆ ಬಂದವರು ಸ್ವೀಡನ್, ನಾರ್ವೆಗಳ ಲೂಥರನ್ ಪಂಥದ ಕ್ರೈಸ್ತರು ಮತ್ತು ಜರ್ಮನಿಯ ಕ್ಯಾಥೊಲಿಕರು. ಅವರ ಚರ್ಚುಗಳು ಕಟ್ಟಿದ ಸೇವಾ ಸಂಸ್ಥೆಗಳು ನಿರಾಶ್ರಿತರ ಹೊಣೆ ಹೊರುವುದರಲ್ಲಿ ಪಳಗಿದ್ದವು. ಲಾವೋಸ್‌ನಲ್ಲಿ ಅಮೆರಿಕದ ಗೂಢಚರ್ಯೆ ಸಂಸ್ಥೆಯ ಪರವಾಗಿ ಕಾದಿ, 1975ರ ನಂತರ ಥಾಯ್‌ಲೆಂಡಿನ ಶಿಬಿರಗಳಿಗೆ ಓಡಿದ್ದ ಮೋಂಗ್ ಜನರನ್ನು ಅವು ಸೇಂಟ್ ಪಾಲ್‌ಗೆ ಕರೆತಂದವು. ಬೇರೆ ಯಾವ ಮಹಾನಗರ ಪ್ರದೇಶಕ್ಕಿಂತಲೂ ಹೆಚ್ಚಿನ ಮೋಂಗ್ ಜನ ಇಂದು ಈ ಜೋಡಿ ನಗರಗಳ ಪ್ರದೇಶದಲ್ಲಿದ್ದಾರೆ. 1991ರಲ್ಲಿ ಸೊಮಾಲಿಯಾ ಕುಸಿದ ಮೇಲೆ ಬಂದವರಿಗೆ ಅದೇ ಸಂಸ್ಥೆಗಳ ಜೊತೆಗೆ ಮಾರ್ಷಲ್‌ನಂಥ ಸಣ್ಣ ಊರುಗಳ ಟರ್ಕಿ ಕೋಳಿ ಮಾಂಸದ ಕಾರ್ಖಾನೆಗಳೂ ನೆರವಾದವು; ಥಂಡಿ ಕೋಣೆಯಲ್ಲಿ ಚಾಕು ಹಿಡಿದು ಸಾಲಾಗಿ ನಿಲ್ಲುವ ಆ ಕೆಲಸಕ್ಕೆ ಭಾಷೆಯೂ ಬೇಡ, ಪ್ರಮಾಣಪತ್ರವೂ ಬೇಡ. ಸ್ವಲ್ಪ ಹಣ ಕೂಡಿದ ಮೇಲೆ ಅವರು ಮಿನಿಯಾಪೊಲಿಸ್‌ನ ಸೀಡರ್-ರಿವರ್‌ಸೈಡ್‌ಗೆ, 1973ರಲ್ಲಿ ತೆರೆದ ಎತ್ತರದ ಕಾಂಕ್ರೀಟು ವಸತಿ ಗೋಪುರಗಳಿಗೆ ಬಂದರು. ನೂರು ವರ್ಷ ಹಿಂದೆ ಇದೇ ಸೀಡರ್ ರಸ್ತೆ ಸ್ವೀಡಿಷ್ ಕೂಲಿಗಳ ಮೋಜಿನ ಬೀದಿಯಾಗಿತ್ತು. ಭೂತಾನದಿಂದ ಹೊರದೂಡಲ್ಪಟ್ಟು ನೇಪಾಳದ ಶಿಬಿರಗಳಲ್ಲಿ ಎರಡು ದಶಕ ಕಳೆದ ನೇಪಾಳಿ ಭಾಷಿಕರ ಕಥೆಯೂ ಇದೇ ಬಗೆಯದು. 2008ರಿಂದ ಅಮೆರಿಕವು ಅವರಲ್ಲಿ 90 ಸಾವಿರಕ್ಕೂ ಹೆಚ್ಚು ಜನರನ್ನು ಹತ್ತಾರು ನಗರಗಳಲ್ಲಿ ಹಂಚಿ ಇಳಿಸಿತು; ಅಗ್ಗದ ಬಾಡಿಗೆ ಮತ್ತು ಗೋದಾಮುಗಳ ಕೆಲಸವನ್ನು ನೋಡಿಕೊಂಡು ಅವರು ಒಹಾಯೊದ ಕೊಲಂಬಸ್‌ನಲ್ಲಿ ಸೇರಿಕೊಂಡರು.

ಈಗ ಭಾರತೀಯರ ವಿಷಯ. ಸಭೆಯಲ್ಲಿ ಬಹುಮಂದಿಗೆ ಮಗನೋ ಮಗಳೋ ಅಲ್ಲಿರುವುದರಿಂದ ಈ ಭಾಗಕ್ಕೆ ಕಾಯುತ್ತಿದ್ದಿರೆಂದು ಬಲ್ಲೆ. ಮೊದಲು ಹೋದವರು ಪಂಜಾಬಿನ ರೈತರು. 20ನೇ ಶತಮಾನದ ಮೊದಲ ವರ್ಷಗಳಲ್ಲಿ ಮರ ಕೊಯ್ಯುವ ಕಾರ್ಖಾನೆಗಳಿಗೆ, ರೈಲುಹಾದಿಗೆ, ಆಮೇಲೆ ಕ್ಯಾಲಿಫೋರ್ನಿಯಾದ ಕಣಿವೆಯ ತೋಟಗಳಿಗೆ ಹೋದ ಅವರು 1912ರಲ್ಲಿ ಸ್ಟಾಕ್‌ಟನ್‌ನಲ್ಲಿ ಗುರುದ್ವಾರ ಕಟ್ಟಿದರು. 1917ರಲ್ಲಿ ಕಾನೂನು ಭಾರತೀಯರ ಪ್ರವೇಶವನ್ನು ನಿಷೇಧಿಸಿತು. ಸಿರಿಯಾದ ಡೌ ಗೆದ್ದ ಎಂಟು ವರ್ಷಕ್ಕೆ, 1923ರಲ್ಲಿ, ಅಮೆರಿಕದ ಸೇನೆಯಲ್ಲಿ ಸೇವೆ ಸಲ್ಲಿಸಿದ್ದ ಭಗತ್ ಸಿಂಗ್ ಥಿಂದ್ ಅದೇ ವಾದವನ್ನು ಸುಪ್ರೀಂ ಕೋರ್ಟಿನ ಮುಂದಿಟ್ಟಾಗ, ಸಾಮಾನ್ಯ ಮನುಷ್ಯನ ತಿಳಿವಳಿಕೆಯಲ್ಲಿ ಭಾರತೀಯರು ಬಿಳಿಯರಲ್ಲ ಎಂದು ನ್ಯಾಯಾಲಯ ಹೇಳಿತು. ಪೌರತ್ವಕ್ಕೆ ಅರ್ಹರಲ್ಲದವರು ಕ್ಯಾಲಿಫೋರ್ನಿಯಾದಲ್ಲಿ ಕೃಷಿ ಭೂಮಿ ಕೊಳ್ಳುವಂತಿರಲಿಲ್ಲ. ಹೆಂಡತಿಯನ್ನು ಊರಿನಿಂದ ಕರೆಸುವಂತೆಯೂ ಇರಲಿಲ್ಲವಾಗಿ ಅವರಲ್ಲಿ ಅನೇಕರು ಮೆಕ್ಸಿಕನ್ ಹೆಂಗಸರನ್ನು ಮದುವೆಯಾದರು, ಅಲ್ಲೇ ಹುಟ್ಟಿ ಪೌರರಾದ ಮಕ್ಕಳ ಹೆಸರಿನಲ್ಲಿ ಭೂಮಿ ಮಾಡಿದರು. 1946ರಲ್ಲಿ ವರ್ಷಕ್ಕೆ 100 ಜನರ ಮಿತಿಯೊಂದಿಗೆ ಬಾಗಿಲು ಸ್ವಲ್ಪ ತೆರೆಯಿತು. ಹತ್ತು ವರ್ಷದ ನಂತರ ದಲೀಪ್ ಸಿಂಗ್ ಸೌಂಡ್ ಅಲ್ಲಿನ ಸಂಸತ್ತಿಗೆ ಆರಿಸಿ ಬಂದರು. ಅದೇ ಕಣಿವೆಯ ಯೂಬಾ ಸಿಟಿಯಲ್ಲಿ ಇಂದಿಗೂ ಪ್ರತಿ ನವೆಂಬರ್‌ನಲ್ಲಿ ಸಿಖ್ಖರ ಭಾರಿ ಮೆರವಣಿಗೆ ನಡೆಯುವುದಕ್ಕೆ ಮೂಲ ಆ ಪೀಚ್ ತೋಟಗಳು.

1965ರ ಕಾನೂನು ರಾಷ್ಟ್ರೀಯತೆಯ ಕೋಟಾಗಳನ್ನು ತೆಗೆದು, ರಕ್ತಸಂಬಂಧ ಮತ್ತು ವಿದ್ಯಾರ್ಹತೆ ಎಂಬ ಎರಡು ದಾರಿಗಳನ್ನು ತೆರೆಯಿತು. ಭಾರತೀಯರ ಇಂದಿನ ನಕ್ಷೆ ಈ ಎರಡು ದಾರಿಗಳ ನಕ್ಷೆಯೇ ಎಂದು ನನ್ನ ತಿಳಿವಳಿಕೆ. ಮೊದಲು ಬಂದವರು ವೈದ್ಯರು, ಎಂಜಿನಿಯರುಗಳು. ಅವರು ಕೆಲಸವಿದ್ದ ಕಡೆಯೆಲ್ಲ ಚದುರಿದರು. ಪಿಟ್ಸ್‌ಬರ್ಗ್ ಹತ್ತಿರ 1976ರಲ್ಲೇ ವೆಂಕಟೇಶ್ವರನ ಗುಡಿ ಎದ್ದದ್ದು ಅಲ್ಲಿನ ಆಸ್ಪತ್ರೆಗಳೂ ಉಕ್ಕಿನ ಕಂಪನಿಗಳೂ ಅವರನ್ನು ಸೆಳೆದಿದ್ದರಿಂದ. ಪೌರರಾದ ಮೇಲೆ ಅವರು ತಮ್ಮಂದಿರನ್ನು, ಅಕ್ಕಭಾವಂದಿರನ್ನು ಕರೆಸಿಕೊಂಡರು. ಪದವಿಯಿಲ್ಲದೆ ಬಂದ ಈ ಬಂಧುಗಳಿಗೆ ಒಗ್ಗಿದ್ದು ಅಂಗಡಿ, ಟ್ಯಾಕ್ಸಿ, ಮೋಟೆಲ್. ನ್ಯೂಯಾರ್ಕಿನ ಜಾಕ್ಸನ್ ಹೈಟ್ಸ್, ಷಿಕಾಗೊದ ಡೆವನ್ ರಸ್ತೆ, ಲಾಸ್ ಏಂಜಲೀಸ್ ಬಳಿಯ ಆರ್ಟೀಸಿಯಾ ಇವೆಲ್ಲ ಅವರು ಕಟ್ಟಿದ ಬೀದಿಗಳು. ಡೆವನ್‌ನಲ್ಲಿ 1974ರಲ್ಲಿ ತೆರೆದ ಪಟೇಲ್ ಬ್ರದರ್ಸ್ ದಿನಸಿ ಅಂಗಡಿ ಇಂದು ದೇಶದುದ್ದಕ್ಕೂ ಶಾಖೆಗಳನ್ನು ಹೊಂದಿದೆ. ನ್ಯೂಜೆರ್ಸಿಯಲ್ಲಿ ಭಾರತೀಯರು ಮೊದಲು ಕೂಡಿದ್ದು ಜೆರ್ಸಿ ಸಿಟಿಯ ನ್ಯೂಆರ್ಕ್ ರಸ್ತೆಯಲ್ಲಿ. 1987ರಲ್ಲಿ ಹಣೆಬೊಟ್ಟನ್ನು ಹೀಯಾಳಿಸಿ ಹೆಸರಿಟ್ಟುಕೊಂಡ ಡಾಟ್‌ಬಸ್ಟರ್ಸ್ ಎಂಬ ಪುಂಡರ ಗುಂಪು ಅಲ್ಲಿ ಹಲ್ಲೆಗಳನ್ನು ನಡೆಸಿತು. ಎಡಿಸನ್ ಮತ್ತು ಐಸೆಲಿನ್‌ಗಳ ನಡುವಿನ ಓಕ್ ಟ್ರೀ ರಸ್ತೆ ಭಾರತದ ಬಜಾರಾಗಿ ಬೆಳೆದದ್ದು ಅದರ ನಂತರದ ವರ್ಷಗಳಲ್ಲಿ, ಖಾಲಿ ಬಿದ್ದಿದ್ದ ಅಂಗಡಿಗಳಲ್ಲಿ.

ಗುಜರಾತಿಗಳ ಮೋಟೆಲ್‌ಗಳು ಈ ಚರ್ಚೆಗೆ ಒಂದು ಒಳ್ಳೆಯ ಅಪವಾದ. ಹೆದ್ದಾರಿಯ ಮಗ್ಗುಲಲ್ಲಿ ನಷ್ಟದಲ್ಲಿದ್ದ ಮೋಟೆಲ್ ಕೊಂಡರೆ ಮನೆಯೂ ಅದೇ, ಕೆಲಸವೂ ಅದೇ. ಗಂಡ ಕೌಂಟರಿನಲ್ಲಿ, ಹೆಂಡತಿ ಮಕ್ಕಳು ಹಾಸಿಗೆ ಬಟ್ಟೆ ಬದಲಿಸುವುದರಲ್ಲಿ. ಆಳಿನ ಖರ್ಚಿಲ್ಲ, ಬಾಡಿಗೆಯ ಚಿಂತೆಯಿಲ್ಲ. ಕೈಗಡ ಕೊಡಲು ಬಂಧುಗಳಿದ್ದರು. ಇಂದು ಅಮೆರಿಕದ ಹೋಟೆಲುಗಳಲ್ಲಿ ಅರ್ಧಕ್ಕೂ ಹೆಚ್ಚು ತಮ್ಮ ಸದಸ್ಯರವು ಎಂದು 1989ರಲ್ಲಿ ಹುಟ್ಟಿದ ಅವರ ಮಾಲೀಕರ ಸಂಘ ಹೇಳುತ್ತದೆ. ಇಷ್ಟು ಗಟ್ಟಿಯಾಗಿ ಹೆಣೆದುಕೊಂಡ ಸಮುದಾಯ ಒಂದೇ ಬೀದಿಯಲ್ಲಿ ಇರಬೇಕಿತ್ತು. ಆದರೆ ಒಂದೊಂದು ಊರಿಗೆ ಒಂದೆರಡು ಮೋಟೆಲ್ ಸಾಕಾದ್ದರಿಂದ ಅದು ಮಿಸಿಸಿಪಿಯಿಂದ ಮೊಂಟಾನಾದವರೆಗೆ ಚದುರಿಹೋಯಿತು. ಕಸುಬು ಹೇಳಿದಂತೆ ಕೇಳಬೇಕಾದದ್ದು ಒಲವು.

ನ್ಯೂಯಾರ್ಕಿನ ಫ್ಲಶಿಂಗ್‌ನಲ್ಲಿ ಇನ್ನೊಂದು ಬಗೆಯ ನೆಲೆಯನ್ನು ನೋಡಬಹುದು. ಬೌನ್ ಬೀದಿಯಲ್ಲಿ 1977ರ ಜುಲೈ 4ರಂದು ಮಹಾವಲ್ಲಭ ಗಣಪತಿಯ ದೇವಸ್ಥಾನಕ್ಕೆ ಕುಂಭಾಭಿಷೇಕವಾಯಿತು. 17ನೇ ಶತಮಾನದಲ್ಲಿ ಕ್ವೇಕರ್ ಪಂಥದವರಿಗೆ ತನ್ನ ಮನೆಯಲ್ಲಿ ಪ್ರಾರ್ಥನೆಗೆ ಎಡೆಕೊಟ್ಟು ಸೆರೆ ಅನುಭವಿಸಿದ ಜಾನ್ ಬೌನ್‌ನ ಹೆಸರು ಆ ಬೀದಿಗೆ. ಅವನ ಮನೆ ಈಗಲೂ ಅಲ್ಲಿದೆ. 2022ರಲ್ಲಿ ಗಣೇಶ ದೇವಸ್ಥಾನ ಬೀದಿ ಎಂಬ ಜೋಡಿ ಹೆಸರೂ ಅದಕ್ಕೆ ಬಂತು. ಆದರೆ ಸುತ್ತಲಿನ ಫ್ಲಶಿಂಗ್ ಇಂದು ಚೀನೀಯರ ಮತ್ತು ಕೊರಿಯನ್ನರ ಊರು. ಭಕ್ತರಲ್ಲಿ ಬಹುಪಾಲು ಲಾಂಗ್ ಐಲೆಂಡ್‌ನಿಂದ, ನ್ಯೂಜೆರ್ಸಿಯಿಂದ ಕಾರಿನಲ್ಲಿ ಬಂದು, ಪೂಜೆ ಮುಗಿಸಿ, ನೆಲಮಾಳಿಗೆಯ ಕ್ಯಾಂಟೀನಿನಲ್ಲಿ ದೋಸೆ ತಿಂದು, ಸಂಜೆಗೆ ತಿರುಗಿ ಹೋಗುತ್ತಾರೆ. ವಾಸ ಒಂದು ಕಡೆ, ಸಮುದಾಯ ಇನ್ನೊಂದು ಕಡೆ.

ಬರ್ಜೆಸ್ ಅವರ ವರ್ತುಲಗಳನ್ನು ಪೂರ್ತಿ ತಲೆಕೆಳಗು ಮಾಡಿದ್ದು ಲಾಸ್ ಏಂಜಲೀಸ್‌ನ ಮಾಂಟೆರೆ ಪಾರ್ಕ್. 1970ರ ದಶಕದಲ್ಲಿ ಫ್ರೆಡರಿಕ್ ಷೇ ಎಂಬ ಚೀನೀ ಮೂಲದ ಜಮೀನು ವ್ಯಾಪಾರಿ ತೈವಾನ್, ಹಾಂಗ್‌ಕಾಂಗ್ ಪತ್ರಿಕೆಗಳಲ್ಲಿ ಇದು ಚೀನೀಯರ ಬೆವರ್ಲಿ ಹಿಲ್ಸ್ ಎಂದು ಜಾಹೀರಾತು ಕೊಟ್ಟ. ಹಣವುಳ್ಳವರು ವಿಮಾನ ನಿಲ್ದಾಣದಿಂದ ನೇರವಾಗಿ ಉಪನಗರಕ್ಕೇ ಬಂದಿಳಿದರು. 1990ರ ಹೊತ್ತಿಗೆ ಅಲ್ಲಿ ಏಷ್ಯಾ ಮೂಲದವರೇ ಬಹುಸಂಖ್ಯಾತರಾಗಿದ್ದರು. ಭೂಗೋಳಶಾಸ್ತ್ರಜ್ಞೆ ವೇ ಲೀ ಇಂಥ ಊರುಗಳಿಗೆ ಎಥ್ನೋಬರ್ಬ್ ಎಂಬ ಹೆಸರು ಕೊಟ್ಟರು. ಸಿಲಿಕಾನ್ ಕಣಿವೆಯ ಕ್ಯುಪರ್ಟಿನೊ, ಫ್ರೀಮಾಂಟ್, ಟೆಕ್ಸಾಸ್‌ನ ಇರ್ವಿಂಗ್, ಫ್ರಿಸ್ಕೊ, ಉತ್ತರ ಕ್ಯಾರೊಲೈನಾದ ಕ್ಯಾರಿ ಇದೇ ಸಾಲಿನವು. 1990ರ ಕಾನೂನು ಇಂದಿನ ಎಚ್-1ಬಿ ವೀಸಾವನ್ನು ರೂಪಿಸಿದ ಮೇಲೆ ಹೋದ ಭಾರತೀಯರ ನೆಲೆಯನ್ನು ನಿರ್ಧರಿಸುವುದು ಕಂಪನಿಯ ಕಚೇರಿಯಿಂದ ಎಷ್ಟು ದೂರ ಮತ್ತು ಸರಕಾರಿ ಶಾಲೆ ಎಷ್ಟು ಚೆನ್ನಾಗಿದೆ ಎಂಬ ಎರಡೇ ಪ್ರಶ್ನೆಗಳು. ಅಲ್ಲಿನ ಮಕ್ಕಳು ಓದುವ ಶಾಲೆ ಮನೆಯ ವಿಳಾಸದ ಮೇಲೆ ನಿಂತಿರುವುದರಿಂದ, ಶಾಲೆಗೆ ಹೆಸರು ಬಂದಂತೆ ಸುತ್ತಲಿನ ಮನೆಗಳ ಬೆಲೆಯೂ ಏರುತ್ತದೆ.

ಕನ್ನಡಿಗರಲ್ಲಿ ಬಹುಮಂದಿ ಹೋದದ್ದು ವಿದ್ಯಾರ್ಹತೆಯ ದಾರಿಯಲ್ಲಿ. 1998ರಲ್ಲಿ ಹುಟ್ಟಿದ, ಅಮೆರಿಕದ ಕನ್ನಡ ಕೂಟಗಳ ‘ಅಕ್ಕ’ ಎಂಬ ಒಕ್ಕೂಟ ವಿಶ್ವ ಕನ್ನಡ ಸಮ್ಮೇಳನಗಳನ್ನು ನಡೆಸಿದ ಊರುಗಳನ್ನು ನೋಡಿ: 2000ದಲ್ಲಿ ಹ್ಯೂಸ್ಟನ್, 2002ರಲ್ಲಿ ಡೆಟ್ರಾಯಿಟ್, 2008ರಲ್ಲಿ ಷಿಕಾಗೊ, 2010ರಲ್ಲಿ ಎಡಿಸನ್, 2012ರಲ್ಲಿ ಅಟ್ಲಾಂಟಾ, 2014ರಲ್ಲಿ ಸ್ಯಾನ್ ಹೋಸೆ, 2018ರಲ್ಲಿ ಡಲ್ಲಾಸ್. ತೈಲ, ಮೋಟಾರು, ದೂರಸಂಪರ್ಕ, ಸಾಫ್ಟ್‌ವೇರ್, ಹೀಗೆ ಎಂಜಿನಿಯರುಗಳಿಗೆ ಕೆಲಸ ಕೊಟ್ಟ ಉದ್ಯಮಗಳ ಊರುಗಳೇ ಈ ಪಟ್ಟಿಯಲ್ಲಿ ತುಂಬಿವೆ. ಹಾಗೆಯೇ ಡೆಟ್ರಾಯಿಟ್‌ನ ಪಂಪ, ಷಿಕಾಗೊದ ವಿದ್ಯಾರಣ್ಯ, ವಾಷಿಂಗ್ಟನ್‌ನ ಕಾವೇರಿ, ನ್ಯೂಜೆರ್ಸಿಯ ಬೃಂದಾವನ, ಅಟ್ಲಾಂಟಾದ ನೃಪತುಂಗ ಎಂದು ಊರೂರಿಗೆ ಕನ್ನಡ ಕೂಟಗಳಿವೆ.

ಉಪನ್ಯಾಸದ ಕೊನೆಯಲ್ಲಿ ಹಿರಿಯರೊಬ್ಬರು, "ಇಷ್ಟೆಲ್ಲ ಇದ್ದರೂ ಅಲ್ಲೆಲ್ಲೂ ನಮ್ಮವರದೇ ಒಂದು ಬೀದಿ ಏಕಿಲ್ಲ ಸ್ವಾಮಿ? ಗುಜರಾತಿಗಳಿಗಿರುವ ಅಭಿಮಾನ ನಮಗಿಲ್ಲವೇ?" ಎಂದು ಕೇಳಿದರು. ಅಭಿಮಾನದ ಕೊರತೆ ಎಂಬ ಮಾತು ನಮ್ಮಲ್ಲಿ ಎಲ್ಲದಕ್ಕೂ ಒದಗುತ್ತದೆ, ಆದರೆ ಇಲ್ಲಿ ಅದರ ಅಗತ್ಯವಿಲ್ಲ ಎಂದು ಉತ್ತರಿಸಿದೆ. ಬೀದಿಯಾಗಬೇಕಾದರೆ ಅಂಗಡಿ ಇಡುವವರು ಬೇಕು. ಎಚ್-1ಬಿ ವೀಸಾದಲ್ಲಿ ಹೋದವರು ವೀಸಾ ಮಾಡಿಸಿಕೊಟ್ಟ ಕಂಪನಿಯ ಕೆಲಸವನ್ನು ಬಿಟ್ಟು ಸ್ವಂತ ಅಂಗಡಿಯಲ್ಲಿ ಕೂರುವಂತಿಲ್ಲ. ಜೊತೆಗೆ ಹೋದ ಹೆಂಡತಿ ಅಥವಾ ಗಂಡನಿಗೆ 2015ರವರೆಗೆ ಯಾವ ದುಡಿಮೆಗೂ ಪರವಾನಗಿ ಇರಲಿಲ್ಲ. ಆಮೇಲೆ ಸಿಕ್ಕದ್ದೂ ಗ್ರೀನ್ ಕಾರ್ಡಿನ ಸಾಲಿನಲ್ಲಿ ಒಂದು ಹಂತ ದಾಟಿದವರ ಸಂಗಾತಿಗಳಿಗೆ ಮಾತ್ರ. ಭಾರತದಲ್ಲಿ ಹುಟ್ಟಿದವರ ಮಟ್ಟಿಗೆ ಆ ಸಾಲು ಹತ್ತಾರು ವರ್ಷ ಉದ್ದವಾಗಿದೆ, ಏಕೆಂದರೆ ಉದ್ಯೋಗದ ಮೇಲೆ ಕೊಡುವ ಗ್ರೀನ್ ಕಾರ್ಡುಗಳಲ್ಲಿ ಯಾವ ಒಂದು ದೇಶಕ್ಕೂ ಶೇ. 7ಕ್ಕಿಂತ ಹೆಚ್ಚು ಕೊಡಬಾರದೆಂಬ ಮಿತಿಯಿದೆ. ಹೀಗಾಗಿ ಓಕ್ ಟ್ರೀ ರಸ್ತೆಯಲ್ಲಿ ನಮ್ಮವರ ರವೆ ಇಡ್ಲಿ ಪೊಟ್ಟಣವನ್ನೂ ಗುಜರಾತಿ ಅಂಗಡಿಯವನೇ ಮಾರುತ್ತಾನೆ, ಅವನ ಅಣ್ಣ ರಕ್ತಸಂಬಂಧದ ದಾರಿಯಲ್ಲಿ ಅವನನ್ನು ಕರೆಸಿಕೊಂಡಾಗ ಅಂಥ ಯಾವ ಕಟ್ಟೂ ಇರಲಿಲ್ಲ.